750 ವ್ಯಾಟ್ ಅಂತ ಹೇಳಿ 500 ವ್ಯಾಟ್ ಮಿಕ್ಸಿ ಕಳಿಸಿ, ಈಗ ವಾಪಸ್ ತಗೊಳ್ಳಲ್ವಂತೆ

ಇವತ್ತಿಗೆ 23 ದಿನ ಆಯ್ತು. ಹಾಸನದ ಮನೆಯಲ್ಲಿ ಅಮ್ಮನ ಮಂಚದ ಕೆಳಗೆ ಹೊಸ ಮಿಕ್ಸಿ ಡಬ್ಬಿ ಸಮೇತ ಬಿದ್ದಿದೆ. ನನ್ನ 3,499 ರೂಪಾಯಿ ಇನ್ನೂ ಆ ಆನ್‌ಲೈನ್ ಅಂಗಡಿಯವರ ಹತ್ತಿರವೇ ಇದೆ. ಬರೆಯುವಾಗಲೂ ಕೈ ನಡುಗುವಷ್ಟು ಸಿಟ್ಟು ಬರುತ್ತಿದೆ.

ಅಮ್ಮನ ಹಳೇ ಮಿಕ್ಸಿಯ ಮೋಟಾರು ಸುಟ್ಟು ಹೋಗಿತ್ತು. ನಾನು ಬೆಂಗಳೂರಿನಲ್ಲಿ ಕೂತು ಆ್ಯಪ್‌ನಲ್ಲಿ ನೋಡಿ, 750 ವ್ಯಾಟ್, ಮೂರು ಜಾರು ಅಂತ ಇದ್ದದ್ದನ್ನು ಆರ್ಡರ್ ಮಾಡಿದೆ. ತಂದುಕೊಟ್ಟ ಹುಡುಗ ಗೇಟಿನ ಹತ್ತಿರವೇ ಒಟಿಪಿ ಕೇಳಿದ, ಅಮ್ಮ ನನಗೆ ಫೋನ್ ಮಾಡಿದಳು, ನಾನು ಹೇಳಿದೆ. ಡಬ್ಬಿ ತೆಗೆದದ್ದು ಅವನು ಹೋದ ಮೇಲೆ. ದೊಡ್ಡ ಜಾರಿನ ಮುಚ್ಚಳ ಸೀಳಿತ್ತು. ಮಿಕ್ಸಿ ತಿರುಗಿಸಿ ನೋಡಿದರೆ ಅಡಿಯಲ್ಲಿ 500 ವ್ಯಾಟ್ ಅಂತ ಬರೆದಿದೆ! ಇದು ಕಣ್ತಪ್ಪಿ ಆಗಿದ್ದಲ್ಲ. ಒಂದು ಹೇಳಿ ಇನ್ನೊಂದು ಮಾರಿದ್ದಾರೆ, ಅಷ್ಟೇ.

ಆ್ಯಪ್‌ನಲ್ಲಿ ವಾಪಸ್ ಕೊಡೋಣ ಅಂತ ಹೋದರೆ "ಈ ವಸ್ತುವಿಗೆ ರಿಟರ್ನ್ ಇಲ್ಲ, 7 ದಿನದೊಳಗೆ ರೀಪ್ಲೇಸ್‌ಮೆಂಟ್ ಮಾತ್ರ" ಅಂತ ಬಂತು. ಅದೇ 500 ವ್ಯಾಟಿನ ಇನ್ನೊಂದು ಮಿಕ್ಸಿ ತಗೊಂಡು ಏನು ಮಾಡಲಿ? ಚಾಟ್‌ನಲ್ಲಿ ಒಂದು ಗಂಟೆ ಯಂತ್ರದ ಜೊತೆ ಗುದ್ದಾಡಿದ ಮೇಲೆ ಒಬ್ಬ ಮನುಷ್ಯ ಸಿಕ್ಕಿದ. ಪಿಕಪ್‌ಗೆ ಬರುತ್ತಾರೆ, ಆಮೇಲೆ ದುಡ್ಡು ವಾಪಸ್ ಬರುತ್ತೆ ಅಂದ. ಸರಿ ಅಂತ ನಂಬಿದೆ.

ಮೂರು ದಿನ ಅಮ್ಮ ಬೆಳಗ್ಗೆಯಿಂದ ಸಂಜೆವರೆಗೆ ಬಾಗಿಲ ಹತ್ತಿರವೇ ಕೂತಳು. ಎದುರು ಮನೆಯ ಸೀಮಂತಕ್ಕೂ ಹೋಗಲಿಲ್ಲ. ಮೂರೂ ದಿನ ಸಂಜೆ ನನಗೆ ಬಂದ ಮೆಸೇಜು ಒಂದೇ: "ಗ್ರಾಹಕರು ಮನೆಯಲ್ಲಿ ಇರಲಿಲ್ಲ." ಒಂದು ಫೋನಿಲ್ಲ, ಗೇಟಿನ ಹತ್ತಿರ ಯಾರೂ ಬಂದಿಲ್ಲ. 65 ವರ್ಷದ ಹೆಂಗಸು ಕಾದು ಕೂತಿದ್ದಾಳೆ, ಮನೆಯಲ್ಲಿ ಇರಲಿಲ್ಲ ಅಂತ ಸುಳ್ಳು ಬರೆಯುತ್ತಾರಲ್ಲ, ಇವರಿಗೆ ಏನನ್ನಬೇಕು?

ಏಳನೇ ದಿನ ಒಬ್ಬ ಹುಡುಗ ಬಂದ. ಫೋಟೋ ತೆಗೆದ, ಮುಚ್ಚಳ ಸೀಳಿರುವುದು ನೋಡಿದ. "ಅಮ್ಮಾ, ಒಡೆದಿರೋದನ್ನ ತಗೊಂಡ್ರೆ ಆ್ಯಪ್ ಒಪ್ಪಲ್ಲ, ನನ್ನ ದುಡ್ಡಲ್ಲಿ ಹಿಡೀತಾರೆ" ಅಂದನಂತೆ. ಒಡೆದಿದೆ ಅಂತಲೇ ವಾಪಸ್ ಕೊಡುತ್ತಿರುವುದು, ಒಡೆದಿದೆ ಅಂತಲೇ ತಗೊಳ್ಳುವುದಿಲ್ಲ! ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ದಿನದ ಸಂಪಾದನೆ ಆ ಆ್ಯಪ್‌ನ ಕೈಯಲ್ಲಿದೆ. ಆದರೆ ಈ ನಿಯಮ ಬರೆದವರು ಯಾವ ಗೇಟಿಗೂ ಬರುವುದಿಲ್ಲ, ಬೈಸಿಕೊಳ್ಳುವುದು ಅವನು. ಮಾರನೇ ದಿನ ರಿಟರ್ನ್ ಬಟನ್ನೇ ಮಾಯ. ಯಾಕೆ ಅಂದರೆ 7 ದಿನ ಮುಗಿಯಿತಂತೆ. ಆ 7 ದಿನ ತಿಂದವರು ಯಾರು?

ಆಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು, "ಮೇಡಂ, ನಮ್ಮ ಪಾಲಿಸಿ ಹಾಗಿದೆ." ಪಾಲಿಸಿ ಅನ್ನೋದು ಕಾನೂನಾ? ನೀವೇ ಕೂತು ಬರೆದುಕೊಂಡಿದ್ದು ತಾನೇ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, ಅದರ ಕೆಳಗೆ 2020ರ ಜುಲೈನಲ್ಲಿ ಇ-ಕಾಮರ್ಸ್‌ಗೆ ಅಂತಲೇ ನಿಯಮ ಬಂದಿದೆ. ವಸ್ತು ಕೆಟ್ಟಿದ್ದರೆ, ನಕಲಿ ಆಗಿದ್ದರೆ, ಜಾಹೀರಾತಿನಲ್ಲಿ ಹೇಳಿದ ಹಾಗೆ ಇಲ್ಲದಿದ್ದರೆ, ಹೇಳಿದ ದಿನಕ್ಕಿಂತ ತಡವಾಗಿ ಬಂದರೂ ಕೂಡ, ಮಾರಿದವನು ವಾಪಸ್ ತಗೊಳ್ಳಲ್ಲ ಅನ್ನುವ ಹಾಗಿಲ್ಲ, ದುಡ್ಡು ಕೊಡಲ್ಲ ಅನ್ನುವ ಹಾಗೂ ಇಲ್ಲ. ಅತಿವೃಷ್ಟಿಯಂಥ ಕೈಮೀರಿದ ಕಾರಣಕ್ಕೆ ತಡವಾದರೆ ಮಾತ್ರ ಬೇರೆ ಮಾತು. ನೀವು ಪುಟದಲ್ಲಿ "ರಿಟರ್ನ್ ಇಲ್ಲ" ಅಂತ ಬರೆದ ಮಾತ್ರಕ್ಕೆ ಅದು ಅಳಿಸಿ ಹೋಗುತ್ತಾ?

ಮನಸ್ಸು ಬದಲಾಯಿತು, ಬಣ್ಣ ಹಿಡಿಸಲಿಲ್ಲ ಅಂತ ವಾಪಸ್ ಕೊಡುವ ಹಕ್ಕು ನಮ್ಮ ಕಾನೂನಿನಲ್ಲಿ ಇಲ್ಲ, ಒಪ್ಪುತ್ತೇನೆ. ಯುರೋಪಿನಲ್ಲಿ ಆನ್‌ಲೈನ್ ಖರೀದಿಗೆ ಕಾರಣ ಹೇಳದೆ ವಾಪಸ್ ಕೊಡಲು 14 ದಿನ ಇದೆ. ನಾನು ಅದನ್ನೂ ಕೇಳುತ್ತಿಲ್ಲ. ಹೇಳಿದ ಸಾಮಾನು ಕೊಡಿ, ಇಲ್ಲ ದುಡ್ಡು ಕೊಡಿ. ಇದೂ ಜಾಸ್ತಿ ಆಯ್ತಾ?

ಕ್ಯಾನ್ಸಲ್ ಕಥೆಯೂ ಹೀಗೇ. ಹಬ್ಬದ ಸೇಲಿನಲ್ಲಿ ಅಗ್ಗಕ್ಕೆ ಬುಕ್ ಆದ ಫೋನನ್ನು ಅವರೇ ಕ್ಯಾನ್ಸಲ್ ಮಾಡಿದರೆ ನಮಗೆ ಒಂದು ಪೈಸೆ ಇಲ್ಲ, ನಾವು ಮಾಡಿದರೆ ಮಾತ್ರ ಚಾರ್ಜು ಹಾಕುತ್ತಾರೆ. ತಾವು ಕ್ಯಾನ್ಸಲ್ ಮಾಡಿದಾಗ ಅಂಥದ್ದೇ ಚಾರ್ಜು ತಾವೂ ಹೊರದಿದ್ದರೆ ಗ್ರಾಹಕರಿಂದ ಕೀಳುವ ಹಾಗಿಲ್ಲ ಅಂತ ಅದೇ ನಿಯಮದಲ್ಲಿದೆ. ಯಾರು ಓದುತ್ತಾರೆ ಅನ್ನುವ ಧೈರ್ಯ ಇವರಿಗೆ.

ಕುಂದುಕೊರತೆ ಅಧಿಕಾರಿ ಅಂತ ಒಬ್ಬರು ಇರಲೇಬೇಕು, ದೂರು ತಲುಪಿದೆ ಅಂತ 48 ಗಂಟೆಯಲ್ಲಿ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ್ಯಪ್‌ನ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಆ ವಿಳಾಸ ಹುಡುಕಿ ಮೇಲ್ ಹಾಕಿ 12 ದಿನ ಆಯ್ತು. "ತಲುಪಿದೆ" ಅನ್ನುವ ಒಂದು ಸಾಲೂ ಬಂದಿಲ್ಲ.

ಕೊನೆಗೆ 1915ಕ್ಕೆ ಫೋನ್ ಮಾಡಿದೆ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಿದರು, ದೂರಿನ ನಂಬರ್ ಕೊಟ್ಟರು. ಅದು ಕೋರ್ಟಲ್ಲ, ದೂರನ್ನು ಕಂಪನಿಗೆ ಮುಟ್ಟಿಸುತ್ತಾರೆ. ಆದರೂ ಎರಡೇ ದಿನದಲ್ಲಿ ಅಲ್ಲಿಯವರೆಗೆ ಫೋನೇ ಎತ್ತದ ಕಂಪನಿಯವರು ತಾವಾಗೇ ಫೋನ್ ಮಾಡಿದರು. ದುಡ್ಡನ್ನು ಆ್ಯಪ್‌ನ ವ್ಯಾಲೆಟ್‌ಗೆ ಹಾಕುತ್ತಾರಂತೆ. ಯಾಕೆ? ನಾನು ಕೊಟ್ಟದ್ದು ಬ್ಯಾಂಕಿನಿಂದ. ಮತ್ತೆ ನಿಮ್ಮ ಅಂಗಡಿಯಲ್ಲೇ ಖರ್ಚು ಮಾಡಬೇಕಾ? ಆಗಲ್ಲ ಅಂದೆ. ಫೋನಿಟ್ಟರು.

ಈಗ ಇ-ಜಾಗೃತಿ ಪೋರ್ಟಲ್‌ನಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಸಾಮಾನಿಗೆ ಕೊಟ್ಟ ದುಡ್ಡು 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಿಲ್ಲ, ಕಂಪನಿಯ ಆಫೀಸು ಯಾವ ಊರಲ್ಲೇ ಇರಲಿ ನಾವು ಇರುವ ಊರಲ್ಲೇ ಹಾಕಬಹುದು, ಎರಡು ವರ್ಷದವರೆಗೆ ಸಮಯ ಇದೆ. "3,499 ರೂಪಾಯಿಗೆ ಇಷ್ಟೊಂದು ಯಾಕೆ ಕಣೇ, ಬಿಟ್ಟಾಕು" ಅಂತಾಳೆ ಅಮ್ಮ. ಎಲ್ಲರ ಮನೆಯಲ್ಲೂ ಹೀಗೇ ಅಂತಾರೆ, ಇವರು ನಂಬಿಕೊಂಡಿರುವುದೂ ಅದನ್ನೇ. ನಾನು ಬಿಡಲ್ಲ. ಮಿಕ್ಸಿ ಅಡಿಯ ಫೋಟೋ, 750 ಅಂತ ಬರೆದ ಪುಟದ ಸ್ಕ್ರೀನ್‌ಶಾಟ್, ಆ ಮೂರು ಸುಳ್ಳು ಮೆಸೇಜು, ಎಲ್ಲ ಜೋಡಿಸಿ ಇಟ್ಟಿದ್ದೇನೆ. ಶನಿವಾರ ರಜೆ, ಅವತ್ತೇ ಹಾಕುತ್ತೇನೆ. ಅಲ್ಲಿಯವರೆಗೆ ಅಮ್ಮ ದಿನಾ ಬೆಳಗ್ಗೆ ಪಾತ್ರೆ ಹಿಡಿದು ಪಕ್ಕದ ಮನೆಗೆ ಚಟ್ನಿ ರುಬ್ಬಿಸಿಕೊಳ್ಳಲು ಹೋಗುತ್ತಿದ್ದಾಳೆ.