ಬುಟ್ಟಿ ತುಂಬುವ ಮೊದಲು ಅವರ ಅಡುಗೆಮನೆ ನೆನಪಿಸಿಕೊಳ್ಳಿ

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂತು. ಗದ್ದೆ ಹಳದಿಗೆ ತಿರುಗಿದೆ, ಅರೇಬಿಕಾ ಕಾಫಿ ಹಣ್ಣಾಗುತ್ತಿದೆ, ಬೆಂಗಳೂರು ಮೈಸೂರಿನಲ್ಲಿರುವ ಮಕ್ಕಳು ರಜೆಗೆ ಅರ್ಜಿ ಹಾಕುತ್ತಿದ್ದಾರೆ. ಬಂದವರನ್ನು ಬರಿಗೈಯಲ್ಲಿ ಕಳಿಸುವ ಅಭ್ಯಾಸ ಕೊಡಗಿನ ಮನೆಗಳಲ್ಲಿ ಇಲ್ಲ. ಒಂದಿಷ್ಟು ಕಾಳುಮೆಣಸು, ಒಂದು ಬಾಟಲಿ ಜೇನು, ಹಿತ್ತಲಿನ ಬಾಳೆಗೊನೆಯ ಎರಡು ಚಿಪ್ಪು, ಏನೋ ಒಂದು ಕೈಗೆ ಬಂದೇ ಬರುತ್ತದೆ. ಈಚೆಗೆ ಆ ಜಾಗಕ್ಕೆ ಗಿಫ್ಟ್ ಹ್ಯಾಂಪರ್ ಬಂದು ಕೂತಿದೆ. ಹೊಳೆಯುವ ಪ್ಲಾಸ್ಟಿಕ್ ಹಾಳೆ ಸುತ್ತಿ, ರಿಬ್ಬನ್ ಕಟ್ಟಿ, 'ಕೂರ್ಗ್ ಸ್ಪೆಷಲ್' ಎಂದು ಚೀಟಿ ಅಂಟಿಸಿದ ಬುಟ್ಟಿ. ಅದರೊಳಗಿನ ಹೋಂಮೇಡ್ ಚಾಕೊಲೇಟಿನಲ್ಲಿ ಎಷ್ಟೋ ಪಾಲು ಎಲ್ಲಿಂದಲೋ ತಂದ, ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ ಕಾಂಪೌಂಡ್ ಗಟ್ಟಿಯನ್ನು ಕರಗಿಸಿ ಅಚ್ಚಿಗೆ ಹೊಯ್ದದ್ದು. ಕೊಂಡು ಕೊಡುವವರನ್ನು ನಾನು ದೂರುವುದಿಲ್ಲ, ಎಲ್ಲರಿಗೂ ಪುರುಸೊತ್ತು ಇರುವುದಿಲ್ಲ. ಆದರೆ ಮನೆಯಲ್ಲೇ ಮಾಡಿ ಕೊಡುತ್ತೇವೆ ಎನ್ನುವವರೂ ಅದೇ ಅಂಗಡಿ ಬುಟ್ಟಿಯನ್ನು ನೋಡಿ ನಕಲು ಮಾಡುತ್ತಿದ್ದಾರಲ್ಲ, ಅದು ನನಗೆ ನಿಜಕ್ಕೂ ಬೇಸರ ತರುತ್ತದೆ.

ನನ್ನ ಅಭಿಪ್ರಾಯ ಇಷ್ಟು. ನಮ್ಮ ಕಪಾಟಿನಲ್ಲಿ ಏನಿದೆ ಎಂದು ನೋಡಿ ಬುಟ್ಟಿ ತುಂಬಬಾರದು. ಅದನ್ನು ತೆಗೆದುಕೊಂಡು ಹೋಗುವವರ ಅಡುಗೆಮನೆಯಲ್ಲಿ ಏನಿದೆ, ಏನಿಲ್ಲ, ಒಲೆ ಹಚ್ಚುವವರು ಯಾರು ಎಂದು ಯೋಚಿಸಿ ತುಂಬಬೇಕು. ಕೊಟ್ಟ ಬಾಟಲಿ ಎರಡು ಮೂರು ತಿಂಗಳಲ್ಲಿ ಖಾಲಿಯಾದರೆ ಅದು ಒಳ್ಳೆಯ ಉಡುಗೊರೆ. ಶೋಕೇಸಿನಲ್ಲಿ ಧೂಳು ಹಿಡಿಯುತ್ತಾ ಕೂತರೆ ನಮ್ಮ ಶ್ರಮವೂ ಹೋಯಿತು, ಅವರ ಜಾಗವೂ ಹೋಯಿತು.

ಅಡುಗೆಗೆ ಹುಳಿ ಕೊಡುವ ಕಪ್ಪು ಪಾಕ ಕಾಚಂಪುಳಿಯನ್ನೇ ತೆಗೆದುಕೊಳ್ಳಿ. ಕೊಡಗಿನವರು ಹೆಮ್ಮೆಯಿಂದ ಮೊದಲು ಬುಟ್ಟಿಗೆ ಇಡುವುದು ಅದನ್ನೇ, ಇಡಬೇಕಾದದ್ದೂ ಹೌದು. ಮಳೆಗಾಲದಲ್ಲಿ ಮರದಡಿ ಉದುರಿದ ಪಣಪುಳಿ ಹಣ್ಣನ್ನು ಜಿಗಣೆ ಕಚ್ಚಿಸಿಕೊಂಡು ಆರಿಸಿ ತಂದು, ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ಕೆಳಗಿಟ್ಟ ಪಾತ್ರೆಗೆ ತೊಟ್ಟಿಕ್ಕಿದ ರಸವನ್ನು ಗಂಟೆಗಟ್ಟಲೆ ಕುದಿಸಿ ಕಪ್ಪು ಪಾಕಕ್ಕೆ ತರುವುದೆಂದರೆ ಸಣ್ಣ ಕೆಲಸವಲ್ಲ. ಒಂದು ಪಾತ್ರೆ ತುಂಬ ರಸ ಬತ್ತಿ ಬತ್ತಿ ಕೊನೆಗೆ ಉಳಿಯುವುದು ತಳದಲ್ಲಿ ಒಂದಿಷ್ಟು. ಹುಬ್ಬಳ್ಳಿಯಲ್ಲಿರುವ ನನ್ನ ಗೆಳತಿಯ ಮನೆಗೆ ಹೋದಾಗ ನೋಡುತ್ತೇನೆ, ಯಾರೋ ಕೊಟ್ಟ ಕಾಚಂಪುಳಿ ಬಾಟಲಿ ಮದ್ದಿನ ಡಬ್ಬಿಗಳ ಸಾಲಿನಲ್ಲಿತ್ತು. "ಇದನ್ನ ಹೆಂಗ ಬಳಸ್ಬೇಕಂತ ಯಾರೂ ಹೇಳಲಿಲ್ಲರೀ" ಎಂದಳು. ಕೊಟ್ಟವರು ಪಂದಿಕರಿಯನ್ನು, ಅಂದರೆ ಹಂದಿಮಾಂಸದ ಸಾರನ್ನು, ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟಿದ್ದರು, ಅವಳದ್ದು ಮಾಂಸ ತಿನ್ನದ ಮನೆ. ಅಲ್ಲೇ ಅವಳ ಬೇಳೆಸಾರಿಗೆ ಹುಣಸೆಯ ಬದಲು, ಇಳಿಸುವ ಹೊತ್ತಿಗೆ ಚಿಕ್ಕ ಚಮಚೆಯಲ್ಲಿ ಅರ್ಧದಷ್ಟು ಕಾಚಂಪುಳಿ ಹಾಕಿಕೊಟ್ಟೆ. ಬದನೆಕಾಯಿಗೆ ಹಾಕಬಹುದು, ಸೊಪ್ಪಿನ ಪಲ್ಯಕ್ಕೆ ಹಾಕಬಹುದು. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾಟಲಿಯ ಕೊರಳಿಗೆ ಕಟ್ಟಿದ್ದರೆ ಸಾಕಿತ್ತು. ಯಾವುದಕ್ಕೆ, ಎಷ್ಟು, ಯಾವಾಗ ಹಾಕಬೇಕು, ಎಲ್ಲಿಡಬೇಕು, ಯಾವ ತಿಂಗಳು ಮಾಡಿದ್ದು ಎಂಬುದು ಕೈಬರಹದಲ್ಲಿ ಇದ್ದರೆ, ಬುಟ್ಟಿಗೆ ಬೇರೆ ಅಲಂಕಾರವೇ ಬೇಡ ಎನ್ನುವವಳು ನಾನು. ಅಂದ ಹಾಗೆ ಕಾಚಂಪುಳಿಗೆ ಗಾಜಿನ ಬಾಟಲಿಯೇ ಆಗಬೇಕು. ಬರೀ ತಗಡಿನ ಮುಚ್ಚಳ ಹಾಕಿದರೆ ಆ ಹುಳಿ ಅದನ್ನು ತಿಂದುಹಾಕುತ್ತದೆ.

ಕಾಫಿಯ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಕೂರ್ಗ್ ಅರೇಬಿಕಾಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿಗೆ ಸಿಗುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಹೆಸರಿನ ಮೇಲೆ ಹಳೇ ಪುಡಿಯನ್ನು ಚಂದದ ಡಬ್ಬಿಯಲ್ಲಿ ತುಂಬಿ ಕೊಡುವುದು ನಮ್ಮ ಬೆಳೆಗೆ ನಾವೇ ಮಾಡುವ ಅವಮಾನ. ಹುರಿದ ಬೀಜ ಕೆಲವು ವಾರ ಘಮ ಹಿಡಿದಿಟ್ಟುಕೊಳ್ಳುತ್ತದೆ, ಪುಡಿ ಮಾಡಿದ ಮೇಲೆ ಅದು ದಿನದಿನಕ್ಕೂ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ಮೊದಲು ಕೇಳಿ: ನಿಮ್ಮಲ್ಲಿ ಫಿಲ್ಟರ್ ಇದೆಯಾ? ಬೀಜ ಪುಡಿ ಮಾಡಿಕೊಳ್ಳುತ್ತೀರಾ? ಚಿಕೋರಿ ಬೇಕಾ? ಇಷ್ಟು ಕೇಳಿದರೆ ಉಡುಗೊರೆಯ ಗುಟ್ಟು ರಟ್ಟಾಗುತ್ತದೆ ಎಂಬ ಹಿಂಜರಿಕೆ ಬೇಡ. ಪುಡಿಯೇ ಬೇಕೆಂದರೆ ಕಾಲು ಕಿಲೋ ಕೊಡಿ, ಹೊರಡುವ ಹಿಂದಿನ ದಿನ ಪುಡಿ ಮಾಡಿಸಿ. ಹುರಿದ ಕೂಡಲೇ ಬಿಗಿಯಾಗಿ ಕಟ್ಟಬೇಡಿ. ಬೀಜ ಒಂದೆರಡು ದಿನ ಗಾಳಿ ಬಿಡುತ್ತದೆ, ಪೊಟ್ಟಣ ಉಬ್ಬಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ಸೋಪು, ಊದುಬತ್ತಿ, ಸುಗಂಧದ ಮೇಣದಬತ್ತಿ ಇಡುವುದನ್ನಂತೂ ದಯವಿಟ್ಟು ಬಿಡಿ. ಕಾಫಿ, ಅಕ್ಕಿ ತರಿ ಎರಡೂ ವಾಸನೆ ಹೀರಿಕೊಳ್ಳುತ್ತವೆ. ಅಕ್ಕಿ ತರಿಯಿಂದ ಮಾಡುವ ಪಾಪುಟ್ಟಿಗೆ ಲ್ಯಾವೆಂಡರ್ ಘಮ ಯಾರಿಗೂ ಬೇಡ.

ಕಾಳುಮೆಣಸು, ಏಲಕ್ಕಿಯಲ್ಲಿ ಹೆಚ್ಚು ಹೇಳುವುದಿಲ್ಲ. ಹುತ್ತರಿಗೆ ಕೊಡುವ ಮೆಣಸು ವರ್ಷದ ಮೊದಲಿಗೆ ಕೊಯ್ದದ್ದು, ಅದರಲ್ಲಿ ತಪ್ಪೇನಿಲ್ಲ. ಚೆನ್ನಾಗಿ ಒಣಗಿದ ಇಡೀ ಕಾಳು ವರ್ಷ ಕಳೆದರೂ ಖಾರ ಬಿಡುವುದಿಲ್ಲ. ಪುಡಿ ಮಾತ್ರ ಬೇಡ.

ಜೇನಿನ ಬಗ್ಗೆ ಎರಡು ಮಾತು ಬರೆದೇ ಕೊಡಬೇಕು. ಒಂದು, ಚಳಿಗೆ ಅದು ಸಕ್ಕರೆಯಂತೆ ಹರಳುಗಟ್ಟಿದರೆ ಕಲಬೆರಕೆ ಎಂದು ಚೆಲ್ಲಬಾರದು, ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಇನ್ನೊಂದು ಇದಕ್ಕಿಂತ ಮುಖ್ಯ. ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದು. ಅದರಲ್ಲಿ ಬೊಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳು ಇರಬಹುದು. ದೊಡ್ಡವರ ಹೊಟ್ಟೆ ಅದನ್ನು ತಡೆದುಕೊಳ್ಳುತ್ತದೆ, ಎಳೆಗೂಸಿನ ಹೊಟ್ಟೆಗೆ ಆ ಶಕ್ತಿ ಇರುವುದಿಲ್ಲ. ತುಡುವೆ ಜೇನು ಎಷ್ಟೇ ಶುದ್ಧವಾಗಿದ್ದರೂ ಈ ಮಾತು ಬದಲಾಗುವುದಿಲ್ಲ. ನಮ್ಮಲ್ಲಿ ಮಗು ನೋಡಲು ಹೋಗುವಾಗ ಜೇನು ಒಯ್ಯುವವರು ಈಗಲೂ ಇದ್ದಾರೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಬಾಣಂತಿ ಮನೆಗೆ ಬುಟ್ಟಿ ಒಯ್ಯುವುದಾದರೆ ಕಾಳುಮೆಣಸು, ಬೆಳ್ಳುಳ್ಳಿ, ಬೆಲ್ಲ, ಮನೆಯ ತುಪ್ಪ, ಮತ್ತೆ ಮಗುವಿಗಲ್ಲದೆ ತಾಯಿಗೇ ಎಂದು ಒಂದು ಮೆತ್ತನೆಯ ಹತ್ತಿಯ ಶಾಲು. ಎಲ್ಲರೂ ಮಗುವಿನ ಅಂಗಿಯನ್ನೇ ತಂದಿರುತ್ತಾರೆ. ಆ ಹೆಣ್ಣಿಗೆ ಏನು ಬೇಕು ಎಂದು ಕೇಳುವವರು ಕಡಿಮೆ.

ಪಿಜಿಯಲ್ಲಿರುವ ಹುಡುಗನಿಗೆ ಅಕ್ಕಿ ತರಿ ಕೊಟ್ಟು ಏನು ಪ್ರಯೋಜನ? ಅವನಲ್ಲಿ ಒಲೆಯೇ ಇಲ್ಲ. ಅವನಿಗೆ ಚಟ್ನಿಪುಡಿ, ಬಾಳೆಕಾಯಿ ಚಿಪ್ಸ್, ಬ್ರೆಡ್ಡಿಗೆ ಹಚ್ಚಲು ಕಿತ್ತಳೆ ಮಾರ್ಮಲೇಡ್. ಅದೇ ಹೊಸದಾಗಿ ಬಾಡಿಗೆ ಮನೆ ಮಾಡಿದ ಮಗಳಿಗಾದರೆ ತರಿಯೇ ಚಿನ್ನ. ಪಾಪುಟ್ಟಿಗೆ ಎಷ್ಟು ಹಾಲು, ಎಷ್ಟು ತೆಂಗಿನತುರಿ, ತರಿಯ ಉಂಡೆ ಕಡಂಬುಟ್ಟಿಗೆ ಎಷ್ಟು ನೀರು ಎಂಬ ಅಳತೆ ಅವಳ ಮನೆಯ ಲೋಟದ ಲೆಕ್ಕದಲ್ಲೇ ಇರಲಿ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಸಿಹಿ ಬಾಟಲಿಗಳ ಸಾಲು ಒಯ್ದು 'ಸ್ವಲ್ಪ ತಿಂದರೆ ಏನಾಗಲ್ಲ' ಎನ್ನುವುದು ಪ್ರೀತಿಯಲ್ಲ. ಕೈಗಂಟು ನೋಯುವವರಿಗೆ ಬಿಗಿ ತಿರುಪಿನ ಮುಚ್ಚಳ ಬೇಡ, ಸುಲಭವಾಗಿ ಎತ್ತುವ ಡಬ್ಬಿ ಹುಡುಕಿ.

ಮಾರ್ಮಲೇಡ್ ಎಂದಾಗ ನೆನಪಾಯಿತು. ಅದು ಗಟ್ಟಿಯಾಗಲು 104-105 ಡಿಗ್ರಿಗೆ ಬರಬೇಕು ಎಂದು ವಿಡಿಯೋಗಳಲ್ಲಿ ಹೇಳುತ್ತಾರೆ. ಅದು ಸಮುದ್ರ ಮಟ್ಟದ ಲೆಕ್ಕ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ, ಅಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ನೀರು ಕುದಿಯುವ ಮಟ್ಟಕ್ಕಿಂತ ನಾಲ್ಕೈದು ಡಿಗ್ರಿ ಮೇಲೆ ಎಂದು ಲೆಕ್ಕ ಹಿಡಿಯಿರಿ, ನೂರು ದಾಟಿ ಸ್ವಲ್ಪಕ್ಕೇ ಇಳಿಸಬಹುದು. 105 ಬರಲಿ ಎಂದು ಕಾಯುತ್ತಾ ಕೂತರೆ ಕೂರ್ಗ್ ಕಿತ್ತಳೆಯ ಆ ನವಿರಾದ ಹುಳಿಯೆಲ್ಲ ಸುಟ್ಟು ಅಂಟು ಮಿಠಾಯಿಯಾಗುತ್ತದೆ. ತಣ್ಣನೆಯ ತಟ್ಟೆಗೆ ಒಂದು ಹನಿ ಹಾಕಿ ಬೆರಳಿನಿಂದ ದೂಡಿದಾಗ ಮೇಲ್ಮೈ ಸುಕ್ಕುಗಟ್ಟಿದರೆ ಆಯಿತು. ಬಾಟಲಿಯನ್ನು ಕುದಿಯುವ ನೀರಿನಲ್ಲಿಟ್ಟು ಪೂರ್ತಿ ಒಣಗಿಸಿ, ಬಿಸಿಬಿಸಿಯಾಗಿಯೇ ತುಂಬಿ. ಒಳಗೆ ಒಂದು ಹನಿ ನೀರು ಉಳಿದರೂ ನಮ್ಮ ಹವೆಯಲ್ಲಿ ಬೂಷ್ಟು ಬರಲು ಹೆಚ್ಚು ದಿನ ಬೇಡ.

ಕೆಲವನ್ನು ಬುಟ್ಟಿಗೆ ಇಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಯಾರಿಗೆ ಬೇಸರವಾದರೂ ಸರಿ. ಪಂದಿ ಉಪ್ಪಿನಕಾಯಿಯನ್ನು ಬಸ್ಸಿನಲ್ಲಿ ಪಾರ್ಸೆಲ್ ಹಾಕಬೇಡಿ. ಅದು ಫ್ರಿಜ್ಜಿನಲ್ಲಿರಬೇಕಾದ ವಸ್ತು, ಕೈಯಲ್ಲಿ ಒಯ್ದು ಅವರ ಫ್ರಿಜ್ಜಿಗೇ ಇಟ್ಟು ಬನ್ನಿ. ಕಣಿಲೆ, ಅಂದರೆ ಎಳೆ ಬಿದಿರಿನ ಮೊಳಕೆಯ ಉಪ್ಪಿನಕಾಯಿಯಾದರೆ, ಕಣಿಲೆಯನ್ನು ನೀರು ಬದಲಿಸುತ್ತಾ ನೆನೆಸಿ, ಬೇಯಿಸಿ ಬಸಿದದ್ದೇ ಎಂದು ನಿಮಗೆ ಗೊತ್ತಿದ್ದರೆ ಮಾತ್ರ ಕೊಡಿ, ಹಸಿಯಲ್ಲಿ ಸಯನೈಡ್ ಬಿಡುವ ಅಂಶವಿದೆ. ಹುಳಿಯೂ ಉಪ್ಪೂ ಸಾಕಷ್ಟಿರಲಿ, ಎಣ್ಣೆಯಲ್ಲಿ ಮುಳುಗಿಸಿದ ಮಾತ್ರಕ್ಕೆ ಕೆಡುವುದಿಲ್ಲ ಎಂದುಕೊಳ್ಳಬೇಡಿ. ಮನೆಯ ವೈನ್ ಇಡುವ ಮೊದಲು ಆ ಮನೆಯಲ್ಲಿ ಕುಡಿಯುತ್ತಾರಾ, ಕುಡಿಯುವುದನ್ನು ಬಿಡಲು ಕಷ್ಟಪಡುತ್ತಿರುವವರು ಯಾರಾದರೂ ಇದ್ದಾರಾ ಎಂದು ಯೋಚಿಸಿ. ಹುಳಿಯುವುದು ಪೂರ್ತಿ ನಿಲ್ಲದ ವೈನಿಗೆ ಬಿರಡೆ ಬಿಗಿದರೆ ಕಾರಿನ ಡಿಕ್ಕಿಯಲ್ಲೇ ಬಾಟಲಿ ಒಡೆಯುತ್ತದೆ. ವಿದೇಶಕ್ಕೆ ಹೋಗುವವರಿಗೆ ಕೊಡುವ ಮೊದಲು ಅಲ್ಲಿಯ ನಿಯಮ ನೋಡಿ, ನ್ಯೂಜಿಲೆಂಡಿಗೆ ಜೇನು ಒಯ್ಯಲು ಬಿಡುವುದೇ ಇಲ್ಲ. ಒಯ್ಯಬಹುದಾದ ದೇಶಕ್ಕಾದರೂ ವಿಮಾನದ ಕೈಚೀಲದಲ್ಲಿ ಜೇನು ದ್ರವದ ಲೆಕ್ಕವೇ.

ಕೊನೆಯಲ್ಲಿ ಬುಟ್ಟಿ. ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಾದದ್ದು ಇದರ ಬಗ್ಗೆಯೇ. ನಮ್ಮಲ್ಲಿ ಮೇದರು ತಲೆತಲಾಂತರದಿಂದ ಬಿದಿರು ಸೀಳಿ ಬುಟ್ಟಿ, ಮೊರ, ತಟ್ಟಿ ಹೆಣೆಯುತ್ತಾ ಬಂದವರು. ಹುತ್ತರಿಯ ದಿನ ಕದಿರು ತರಲು ಗದ್ದೆಗೆ ಒಯ್ಯುವ ಕುಕ್ಕೆ ಇಂಥ ಕೈಗಳಿಂದಲೇ ಬಂದದ್ದು. 'ಪೊಲಿ ಪೊಲಿಯೇ ದೇವಾ' ಎಂದು ಕೂಗಿ ಸಮೃದ್ಧಿ ಬೇಡುವ ಹೊತ್ತಿನಲ್ಲಿ ನಮ್ಮ ಕೈಯಲ್ಲಿರುವುದು ಅವರ ಕೆಲಸ. ಅದೇ ನಾವು ಸಂತೆಯಲ್ಲಿ ಅವರ ಜೊತೆ ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ, ಆಮೇಲೆ ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಹೆಣಿಗೆಯ ಬುಟ್ಟಿಗೆ ಆನ್‌ಲೈನಿನಲ್ಲಿ ಕೇಳಿದಷ್ಟು ಕೊಡುತ್ತೇವೆ. ಇದನ್ನು ನಾನು ಒಪ್ಪುವುದಿಲ್ಲ. ಬಿದಿರು ಸಿಗುವುದೇ ಕಷ್ಟವಾಗಿರುವ ಕಾಲ. ತೋಟದ ಅಂಚಿನಲ್ಲಿ ಬಿದಿರು ಇರುವವರು ನಾಲ್ಕು ಗಳ ಅವರಿಗೆ ಕಡಿಸಿಕೊಡಿ, ಕಡಿಯುವ ಮೊದಲು ಇಲ್ಲಿಯ ಅರಣ್ಯ ನಿಯಮ ಒಮ್ಮೆ ಕೇಳಿಕೊಳ್ಳಿ.

ಬುಟ್ಟಿಯನ್ನು ಅಳತೆ ಹೇಳಿಯೇ ಮಾಡಿಸಿ. ತೆಗೆದುಕೊಂಡವರು ಮುಂದೆ ಅದರಲ್ಲಿ ಈರುಳ್ಳಿ ಇಡುತ್ತಾರಾ, ಹೂವು ಕೊಯ್ಯುತ್ತಾರಾ, ಬಟ್ಟೆ ತುಂಬುತ್ತಾರಾ ಎಂಬುದರ ಮೇಲೆ ಬಾಯಿ ಅಗಲ, ಹಿಡಿ ನಿರ್ಧಾರವಾಗಲಿ. ಹಸಿ ಬಿದಿರಿಗೆ ಕುಟ್ಟೆಹುಳು ಹಿಡಿಯುತ್ತದೆ. ಹಿಂದಿನವರು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಇಡುತ್ತಿದ್ದರು, ಸೌದೆ ಒಲೆ ಉಳಿದಿರುವ ಮನೆಯವರು ಈಗಲೂ ಹಾಗೆ ಮಾಡಬಹುದು, ಉಳಿದವರು ಕೆಲವು ದಿನ ಬಿಸಿಲಿಗಾದರೂ ಇಡಿ. ತಳಕ್ಕೆ ಬಣ್ಣದ ಕಾಗದದ ಚೂರು ಬೇಡ, ಒಣಗಿದ ಬಾಳೆ ತರಗು ಬಾಟಲಿಗಳನ್ನು ಅದಕ್ಕಿಂತ ಚೆನ್ನಾಗಿ ಹಿಡಿದಿಡುತ್ತದೆ. ಭಾರದ್ದು ಕೆಳಗೆ, ಮೇಲೆ ಒಂದು ಹತ್ತಿ ಪಂಚೆಯ ತುಂಡು ಮುಚ್ಚಿ ಗಂಟು ಹಾಕಿ. ಐದಾರು ವಸ್ತು ಸಾಕು.

ಹುತ್ತರಿಗೆ ಬುಟ್ಟಿ ಬೇಕಾದವರು ಈ ವಾರವೇ ಹೆಣೆಯುವವರಿಗೆ ಹೇಳಿ, ಅರ್ಧ ಹಣ ಮುಂಗಡ ಕೊಡಿ. ಕದಿರು ತೆಗೆಯುವ ವಾರದಲ್ಲಿ ಎಲ್ಲ ಮನೆಯವರೂ ಒಟ್ಟಿಗೆ ಹೋಗಿ ನಿಂತರೆ ಅವರ ಎರಡು ಕೈಗೆ ಎಷ್ಟು ಸಾಧ್ಯ? ಶುಕ್ರವಾರದ ಮಡಿಕೇರಿ ಸಂತೆಗೆ ನಾನು ಹೋಗುತ್ತಿದ್ದೇನೆ, ನಮ್ಮ ಕಡೆಯವರು ಯಾರಿಗಾದರೂ ಬೇಕಿದ್ದರೆ ಅಳತೆ ಬರೆದು ಕಳಿಸಿ, ವಿಚಾರಿಸಿಕೊಂಡು ಬರುತ್ತೇನೆ.