ಮೆಟ್ಟಿಲು ಎಷ್ಟು?

ಶಿವರಾತ್ರಿಗೆ ಮೊದಲು ಮನೆಮಂದಿಯೆಲ್ಲ ಸೇರಿ ಶಿವಗಂಗೆ ಬೆಟ್ಟ ಹತ್ತುವುದು ಎಂದು ತೀರ್ಮಾನವಾಯಿತು. ಯಾರಾದರೂ ಮುಂಚೆ ಹೋಗಿ ನೋಡಿಕೊಂಡು ಬರಬೇಕಲ್ವಾ? ಎಲ್ಲರೂ ನನ್ನ ಕಡೆ ತಿರುಗಿದರು. ದೊಡ್ಡಮ್ಮನದು ಒಂದೇ ಬೇಡಿಕೆ.

“ಮೆಟ್ಟಿಲು ಎಷ್ಟಿವೆ ಅಂತ ಎಣಿಸ್ಕೊಂಡು ಬಾರೋ. ನನ್ನ ಮಂಡಿಗೆ ಮೊದಲೇ ಹೇಳಿಟ್ಟಿರ್ಬೇಕು.”

ಫೆಬ್ರವರಿಯ ಒಂದು ಬೆಳಗ್ಗೆ ಐದೂವರೆಗೇ ಬೈಕ್ ಹತ್ತಿದೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದಂತೆ. ಅವತ್ತು ಅದಕ್ಕೆ ಹೊರಡುವ ಯೋಚನೆಯೇ ಇದ್ದಂತಿರಲಿಲ್ಲ. ನೆಲಮಂಗಲ ದಾಟುವಷ್ಟರಲ್ಲಿ ಬೆರಳು ಸೆಟೆದು ಬ್ರೇಕ್ ಯಾವುದು, ಕ್ಲಚ್ ಯಾವುದು ಗೊತ್ತಾಗುತ್ತಿರಲಿಲ್ಲ. ದಾಬಸ್‌ಪೇಟೆಯಲ್ಲಿ ಎರಡು ತಟ್ಟೆ ಇಡ್ಲಿ ಬಿದ್ದ ಮೇಲೆ ಜೀವ ಬಂತು.

ಸುಮಾರು 4,500 ಅಡಿ ಎತ್ತರದ ಈ ಬೆಟ್ಟ ಒಂದೊಂದು ದಿಕ್ಕಿನಿಂದ ಒಂದೊಂದು ಥರ, ನಂದಿ, ಗಣಪತಿ, ಲಿಂಗ, ಸರ್ಪದ ಹಾಗೆ ಕಾಣುತ್ತದೆ ಅಂತಾರೆ. ಬುಡದಲ್ಲಿ ನಿಂತ ನನಗೆ ಕಂಡದ್ದು ಬರೀ ಮೆಟ್ಟಿಲು.

ಎಣಿಸುತ್ತಾ ಹೊರಟೆ. ನೂರಾ ಹದಿನೆಂಟಕ್ಕೆ ಸೌತೆಕಾಯಿ ಮಾರುವ ಅಮ್ಮ “ಇಪ್ಪತ್ತಕ್ಕೊಂದು ಕಣಣ್ಣಾ” ಅಂದಳು. ನಾನು ಇಪ್ಪತ್ತೊಂದು, ಇಪ್ಪತ್ತೆರಡು ಎಂದು ಮುಂದುವರಿದೆ. ಗೊತ್ತಾದದ್ದು ಐವತ್ತರ ಹತ್ತಿರ. ಅಂದಾಜಿನ ಮೇಲೆ ಸರಿಮಾಡಿಕೊಂಡು, ಇನ್ನು ಮರೆಯಬಾರದೆಂದು ಚೀಟಿಯಲ್ಲಿ ಬರೆದುಕೊಂಡೆ. ಫೋನಿನಲ್ಲೇ ಬರೆಯಬಹುದಿತ್ತು. ಕೋತಿ ಕಿತ್ಕೊಂಡೀತು ಅಂತ ಅದನ್ನು ಬ್ಯಾಗಿನ ತಳಕ್ಕೆ ಸೇರಿಸಿದ್ದೆ.

ಒಳಕಲ್ಲು ತೀರ್ಥದಲ್ಲಿ ಬಂಡೆಯ ಗುಂಡಿಗೆ ಕೈ ಹಾಕಬೇಕು. ನೀರು ಸಿಕ್ಕಿದರೆ ಪುಣ್ಯವಂತರು. ನನಗಿಂತ ಮುಂದಿದ್ದ ಪುಟ್ಟ ಹುಡುಗಿಗೆ ಸಿಕ್ಕಿತು. ಅವಳ ಅಜ್ಜಿಗೂ ಸಿಕ್ಕಿತು. ನಾನು ಭುಜದವರೆಗೆ ತೂರಿಸಿ ತಡಕಾಡಿದರೂ ಬರೀ ತಣ್ಣನೆ ಕಲ್ಲು. ಇವನು ಏನು ಮಾಡಿರಬಹುದು ಅನ್ನುವ ಹಾಗೆ ಸಾಲಿನಲ್ಲಿದ್ದವರೆಲ್ಲ ನನ್ನ ಮುಖವನ್ನೇ ನೋಡಿದರು. ಒಬ್ಬರಂತೂ ಎರಡು ಹೆಜ್ಜೆ ಹಿಂದೆ ಸರಿದರು.

ಅಲ್ಲಿಂದ ಮೇಲೆ ಬಂಡೆಯಲ್ಲೇ ಕಡಿದ ಮೆಟ್ಟಿಲು, ಕಬ್ಬಿಣದ ಕಂಬಿ. ಬಿಸಿಲು ಏರಿತ್ತು. ಸ್ವೆಟರ್ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡೆ. ಅದರ ಜೇಬಲ್ಲಿ ಚೀಟಿ, ಜೊತೆಗೆ ಒಂದು ಪಾರ್ಲೆ-ಜಿ. ನನ್ನ ಎರಡೂ ಕೈ ಕಂಬಿಯ ಮೇಲಿರುವ ಹೊತ್ತನ್ನೇ ಕಾದು ಕೋತಿಯೊಂದು ಜೇಬು ಖಾಲಿ ಮಾಡಿತು. ಬಿಸ್ಕತ್ತು ತಿಂದಿತು. ಆಮೇಲೆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ, ಆಡಿಟರ್ ಥರ ಒಮ್ಮೆ ನನ್ನನ್ನೂ ನೋಡಿ, ಅದನ್ನೂ ಬಾಯಿಗೆ ಹಾಕಿಕೊಂಡಿತು.

ಮೇಲೆ ನಂದಿ ಇದ್ದಾನೆ. ರಾಣಿ ಶಾಂತಲೆ ಧುಮುಕಿದ ಜಾಗ ಎಂದು ಪ್ರಪಾತವೊಂದನ್ನೂ ತೋರಿಸುತ್ತಾರೆ. ‘ಮಕ್ಕಳ ಕೈ ಬಿಡಬಾರದು’ ಎಂದು ಬರೆದುಕೊಳ್ಳಲು ಜೇಬು ಮುಟ್ಟಿದೆ. ಚೀಟಿ ಎಲ್ಲಿತ್ತು?

ಇಳಿಯುವಾಗ ಎಣಿಸೋಣ ಅಂದುಕೊಂಡೆ. ಕೆಳಗೆ ಗಂಗಾಧರೇಶ್ವರನ ಲಿಂಗಕ್ಕೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆ ಎಂಬ ನಂಬಿಕೆಯಿದೆ. ಅಲ್ಲಿಗೆ ಬರುವಷ್ಟರಲ್ಲಿ ನನ್ನ ಎರಡೂ ಕಾಲು ಬೆಣ್ಣೆಯಾಗಿದ್ದವು. ಲೆಕ್ಕ ಯಾರಿಗೆ ಬೇಕಿತ್ತು?

ಸಂಜೆ ದೊಡ್ಡಮ್ಮನ ಫೋನು. “ಎಷ್ಟೋ?”

“ಒಳಕಲ್ಲಿನವರೆಗೆ ಲೆಕ್ಕ ಇತ್ತು ದೊಡ್ಡಮ್ಮ, ಆಮೇಲೆ ಕೋತಿ...”

“ಅಯ್ಯೋ, ಅದಿನ್ನೂ ಅಲ್ಲೇ ಇದ್ಯಾ? ಮದುವೆಯಾದ ಹೊಸದ್ರಲ್ಲಿ ನಿಮ್ಮ ದೊಡ್ಡಪ್ಪನ ಕನ್ನಡಕ ಕಿತ್ಕೊಂಡಿದ್ದೂ ಅಲ್ಲೇ ಕಣೋ.”