ಬೂದು ಬಣ್ಣದ ಆ ಒಂದು ಸಾಲು

ಶನಿವಾರ ರಾತ್ರಿ ಹನ್ನೊಂದೂವರೆ. ಭೋಸರಿಯಿಂದ ಮನೆಗೆ ಬಂದು ಊಟಕ್ಕೆ ಕುಳಿತಿದ್ದೇನೆ, ನೀರಿನ ಲೋಟ ಎತ್ತಲು ಎಡಗೈ ಬೆರಳುಗಳು ಮಡಚುತ್ತಿಲ್ಲ. ಎರಡು ದಿನ ರೋಬೋಗೆ ಚಲನೆ ಕಲಿಸುವ ಕೈಪೆಟ್ಟಿಗೆ, ಅಂದರೆ ಟೀಚ್ ಪೆಂಡೆಂಟ್ ಹಿಡಿದು, ಅದರ ಹಿಂಬದಿಯ ಡೆಡ್‌ಮ್ಯಾನ್ ಸ್ವಿಚ್ ಒತ್ತಿಕೊಂಡೇ ನಿಂತಿದ್ದೆ. ಆ ಸ್ವಿಚ್ ಬಿಟ್ಟರೂ ರೋಬೋ ನಿಲ್ಲುತ್ತದೆ, ಗಾಬರಿಯಲ್ಲಿ ಗಟ್ಟಿಯಾಗಿ ಹಿಸುಕಿದರೂ ನಿಲ್ಲುತ್ತದೆ. ನಡುವಿನ ಹದದಲ್ಲೇ ಹಿಡಿದಿರಬೇಕು. ಅದು ಜೀವ ಉಳಿಸುವ ವಸ್ತು, ಅದರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟೆಲ್ಲ ಅದೇ ಪೆಂಡೆಂಟಿನ ಮೆನುವಿನಲ್ಲಿರುವ ಒಂದು ಸಾಲಿನ ಮೇಲೆ.

ಪುಣೆಯ ನಮ್ಮ ಕೈಗಾರಿಕಾ ಪ್ರದೇಶದಲ್ಲಿ ವಾರದ ರಜೆ ಗುರುವಾರ. ಕರೆಂಟ್ ತೆಗೆದು ದುರಸ್ತಿ ಮಾಡುವುದೂ ಅಂದೇ. ಶುಕ್ರವಾರ ಬೆಳಗ್ಗೆ ಮೇನ್ ಹಾಕಿದರೆ ನಮ್ಮ ವೆಲ್ಡಿಂಗ್ ರೋಬೋಗೆ ತಾನು ಎಲ್ಲಿ ನಿಂತಿದ್ದೇನೆ ಎಂಬುದೇ ಮರೆತುಹೋಗಿತ್ತು. ಅದರ ಆರೂ ಕೀಲುಗಳ ಲೆಕ್ಕವನ್ನು ಕರೆಂಟ್ ಇಲ್ಲದಾಗ ಕಾಯುವುದು ಬುಡದಲ್ಲಿರುವ ನಾಲ್ಕು ಸೆಲ್‌ಗಳು. ದೊಡ್ಡ ಟಾರ್ಚಿಗೆ ಹಾಕುತ್ತೇವಲ್ಲ, ಅಂಥವೇ. ಎರಡು ವಾರದಿಂದ ಪರದೆಯ ಮೇಲೆ ಬ್ಯಾಟರಿ ಎಚ್ಚರಿಕೆ ಬರುತ್ತಿತ್ತು. ರಿಜಿಸ್ಟರಿನಲ್ಲಿ ಬರೆದೆ, ಬಾಯಲ್ಲೂ ಹೇಳಿದೆ. ‘ಮುಂದಿನ ತಿಂಗಳ ಖರೀದಿಯಲ್ಲಿ ನೋಡೋಣ’ ಎಂದರು ಸಾಹೇಬರು. ಲಕ್ಷಗಟ್ಟಲೆ ಬೆಲೆಯ ಯಂತ್ರ, ಕಿರಾಣಿ ಅಂಗಡಿಯ ಸೆಲ್! ಇರಲಿ, ಇದು ನಮ್ಮದೇ ತಪ್ಪು, ಒಪ್ಪುತ್ತೇನೆ.

ಮರೆತದ್ದನ್ನು ನೆನಪಿಸುವ ದಾರಿ ಇದೆ. ಪ್ರತಿ ಕೀಲಿನ ಮೇಲೂ ಎರಡು ಗೀರುಗಳಿರುತ್ತವೆ. ಅವು ಎದುರುಬದುರಾಗುವಂತೆ ತೋಳನ್ನು ತಂದು ನಿಲ್ಲಿಸಿ ‘ಇದೇ ನಿನ್ನ ಸೊನ್ನೆ’ ಎಂದು ಹೇಳಿಕೊಡಬೇಕು. ನಮ್ಮ ಹುಡುಗ, ಜಮಖಂಡಿಯವನು, ನೆಲಕ್ಕೆ ಮಲಗಿ ಮೊಬೈಲ್ ಬೆಳಕು ಬಿಟ್ಟು ‘ಇನ್ನೊಂದು ಕೂದಲೆಳೆ ಅಣ್ಣಾ, ಇನ್ನೊಂದು ಕೂದಲೆಳೆ’ ಎನ್ನುತ್ತಿದ್ದ. ಆದರೆ ಕಣ್ಣಳತೆ ಕಣ್ಣಳತೆಯೇ. ಬುಡದ ಕೀಲಿನಲ್ಲಿ ಒಂದು ಡಿಗ್ರಿಯ ಹತ್ತನೇ ಒಂದು ಪಾಲು ತಪ್ಪಿದರೆ ಒಂದೂವರೆ ಮೀಟರ್ ಆಚೆಯ ವೆಲ್ಡಿಂಗ್ ಟಾರ್ಚಿನ ತುದಿಯಲ್ಲಿ ಅದು 2.6 ಮಿಲಿಮೀಟರ್ ಆಗುತ್ತದೆ. ವೆಲ್ಡಿಂಗ್‌ಗೆ ಅಷ್ಟು ತಪ್ಪಿದರೆ ಸಾಕು, ಕೆಟ್ಟಂತೆ. ಮೊದಲ ಬ್ರ್ಯಾಕೆಟ್ ಹಾಕಿ ನೋಡಿದೆವು. ಬೆಸುಗೆ ಜೋಡಣೆಯನ್ನು ಬಿಟ್ಟು ಪಕ್ಕದ ತಗಡಿನ ಮೇಲೆ ಹುಳುವಿನಂತೆ ಹರಿದಿತ್ತು.

ಈಗ ಆ ಸಾಲಿಗೆ ಬರುತ್ತೇನೆ. ರೋಬೋದ ಪ್ರೋಗ್ರಾಂ ಎಂದರೆ ತೋಳು ಎಲ್ಲೆಲ್ಲಿಗೆ ಹೋಗಬೇಕೆಂದು ನಾವು ಕಲಿಸಿಟ್ಟ ಬಿಂದುಗಳ ಪಟ್ಟಿ. ಅವುಗಳಲ್ಲಿ ನಾಲ್ಕಾರನ್ನು ಮಾತ್ರ ಮತ್ತೆ ತೋರಿಸಿದರೆ ಸೊನ್ನೆ ಎಷ್ಟು ತಪ್ಪಿದೆ ಎಂದು ತಾನೇ ಲೆಕ್ಕ ಹಾಕಿ, ಪ್ರೋಗ್ರಾಂ ಪೂರ್ತಿ ಸರಿಪಡಿಸಿಕೊಳ್ಳುವ ಸೌಲಭ್ಯ ರೋಬೋದ ಸಾಫ್ಟ್‌ವೇರಿನಲ್ಲಿದೆ. ರೋಬೋವನ್ನು ನಡೆಸುವ ಕಂಪ್ಯೂಟರ್, ಅಂದರೆ ನಮ್ಮ ಕಂಟ್ರೋಲರಿನ ಹೊಟ್ಟೆಯೊಳಗೇ ಇದೆ. ಮೆನುವಿನಲ್ಲಿ ಅದರ ಹೆಸರೂ ಇದೆ, ಆದರೆ ಬೂದು ಬಣ್ಣದಲ್ಲಿ. ಒತ್ತಿದರೆ ಕುಂಯ್ ಎನ್ನುತ್ತದೆ ಅಷ್ಟೇ. ಮಾರಿದವರಿಗೆ ಫೋನ್ ಮಾಡಿದೆ. ‘ಅದು ಆಪ್ಷನ್, ನೀವು ತೆಗೆದುಕೊಂಡಿಲ್ಲ’ ಎಂದ ಆ ಪುಣ್ಯಾತ್ಮ. ಏನು ಕಳಿಸಬೇಕು, ಎಂಜಿನಿಯರನ್ನೇ, ಬಿಡಿಭಾಗವನ್ನೇ ಎಂದು ಕೇಳಿದೆ. ಏನೂ ಬೇಡವಂತೆ, ಒಂದು ಕೋಡ್ ಸಾಕಂತೆ. ಅದು ಹೆಡ್ ಆಫೀಸಿನಿಂದ ಬರಬೇಕು, ಅದಕ್ಕೆ ಮೊದಲು ಕೊಟೇಶನ್, ಆಮೇಲೆ ಪರ್ಚೇಸ್ ಆರ್ಡರ್, ಆಮೇಲೆ ಮುಂಗಡ.

ಮನೆ ಕಟ್ಟಿಸಿಕೊಂಡವನಿಗೆ ಅಡುಗೆಮನೆಯ ಬೀಗದ ಕೈ ಕೊಡದೆ ಕಿಟಕಿಯಿಂದ ಒಲೆ ತೋರಿಸಿದಂತೆ. ಪೂರ್ತಿ ಇಲ್ಲದಿದ್ದರೆ ಇಲ್ಲ ಎಂದು ಸುಮ್ಮನಿರುತ್ತಿದ್ದೆ. ಕಣ್ಣೆದುರು ತೋರಿಸಿ ಮುಟ್ಟಗೊಡದಿರುವುದಕ್ಕೆ ಏನು ಹೇಳಬೇಕು?

ಹೀಗಾಗಿ 212 ಬಿಂದುಗಳನ್ನು ಕೈಯಾರೆ ಒಂದೊಂದಾಗಿ ಮತ್ತೆ ಕಲಿಸಿದೆ. ಬೇಲಿಯೊಳಗೆ ನಿಂತು ಕಲಿಸುವಾಗ ತೋಳಿನ ವೇಗ ಸೆಕೆಂಡಿಗೆ 250 ಮಿಲಿಮೀಟರ್ ಮೀರುವಂತಿಲ್ಲ, ಅದು ಸುರಕ್ಷತೆಯ ನಿಯಮ. ಬಿಂದುವಿನ ಹತ್ತಿರ ಬಂದಮೇಲೆ ಅದಕ್ಕಿಂತ ಎಷ್ಟೋ ನಿಧಾನ. ತಂತಿಯ ತುದಿಯನ್ನು ಸಂದಿಗೆ ತಂದು, ಬಗ್ಗಿ ನೋಡಿ, ಕೂದಲಷ್ಟು ಸರಿಸಿ, ರೆಕಾರ್ಡ್ ಒತ್ತಿ, ಮುಂದಿನದು. ಒಂದಕ್ಕೆ ಐದು ನಿಮಿಷ ಹಿಡಿದರೂ ಲೆಕ್ಕ ಹಾಕಿಕೊಳ್ಳಿ. ನೂರರ ಹೊತ್ತಿಗೆ ಸೊಂಟ ಹೋಗಿತ್ತು, ನೂರೈವತ್ತರ ಹೊತ್ತಿಗೆ ಮಾತು.

ಅಕ್ಕನ ಮಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಫೋನಿನಲ್ಲಿ ಗೋಳು ಹೇಳಿಕೊಂಡರೆ ‘ಮಾಮಾ, ಆರ್‌ಓಎಸ್ ಹಾಕಿಕೊಳ್ಳಿ, ಉಚಿತ’ ಎಂದ. 2007ರಲ್ಲಿ ಅಮೆರಿಕದ ವಿಲೋ ಗ್ಯಾರೇಜ್‌ನವರು ಶುರು ಮಾಡಿದ ರೋಬೋ ಸಾಫ್ಟ್‌ವೇರ್ ಅದು, ಒಳ್ಳೆಯ ಕೆಲಸ, ಓದುವ ಹುಡುಗರಿಗೆ ವರದಾನ. ಆದರೆ ಕಾರ್ಖಾನೆಯ ಕಂಟ್ರೋಲರ್ ಹೊರಗಿನ ಕಂಪ್ಯೂಟರಿನ ಜೊತೆ ಮಾತನಾಡಬೇಕೆಂದರೆ ಎಷ್ಟೋ ಕಡೆ ಅದಕ್ಕೂ ಒಂದು ಆಪ್ಷನ್ ಬೇಕು. ನಮ್ಮದರಲ್ಲಿ ಅದೂ ಬೂದು ಬಣ್ಣದಲ್ಲೇ ಕುಳಿತಿದೆ.

ಬೇಸತ್ತು ಬೇರೆ ಕಂಪನಿಯ ರೋಬೋ ತಂದರೆ? ಪ್ರತಿ ಕಂಪನಿಗೂ ತನ್ನದೇ ಪ್ರೋಗ್ರಾಂ ಭಾಷೆ. ಎಬಿಬಿಯದು ರ್‍ಯಾಪಿಡ್, ಕೂಕಾದ್ದು ಕೆಆರ್‌ಎಲ್, ಯಾಸ್ಕವಾದ್ದು ಇನ್‌ಫಾರ್ಮ್, ಫ್ಯಾನುಕ್‌ನದು ಇನ್ನೊಂದು. ಅದೇ ಆರು ಕೀಲು, ಅದೇ ‘ಇಲ್ಲಿಂದ ಅಲ್ಲಿಗೆ ನೇರ ಹೋಗು’ ಎಂಬ ಆಜ್ಞೆ, ಆದರೆ ಒಂದರ ಪ್ರೋಗ್ರಾಂ ಇನ್ನೊಂದಕ್ಕೆ ತಿಳಿಯದು. 1961ರಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಮೊದಲ ಕೈಗಾರಿಕಾ ರೋಬೋ ಯುನಿಮೇಟ್ ಕೆಲಸಕ್ಕೆ ಇಳಿದು ಅರವತ್ತು ವರ್ಷ ದಾಟಿತು, ಇನ್ನೂ ಇದೇ ಪಾಡು. ನಾನು ಮನೆಯಲ್ಲಿ ಕನ್ನಡ, ಚಹದ ಗಾಡಿಯಲ್ಲಿ ಮರಾಠಿ, ಶಾಪಿನಲ್ಲಿ ಹಿಂದಿ ಆಡುವವನು, ಭಾಷೆ ಕಲಿಯಲು ಸೋಮಾರಿಯಲ್ಲ. ಆದರೆ ಕಲಿತ ಮರಾಠಿ ಪಿಂಪ್ರಿ ದಾಟಿದರೂ ನಡೆಯುತ್ತದೆ. ಈ ಭಾಷೆಗಳು ಪಕ್ಕದ ಶೆಡ್ಡಿನಲ್ಲೇ ನಡೆಯುವುದಿಲ್ಲ.

ಇಂದು ರಾತ್ರಿ ಎಂಟೂವರೆಗೆ 212ನೇ ಬಿಂದು ಮುಗಿಯಿತು. ಒಂಬತ್ತಕ್ಕೆ ಮೇಲ್ ಬಂತು. ಕೋಡ್ ಅಲ್ಲ, ಕೊಟೇಶನ್. ಮೂವತ್ತು ದಿನ ಮಾತ್ರ ಊರ್ಜಿತವಂತೆ.

ಹೊಸ ಸೆಲ್‌ಗಳನ್ನು ನನ್ನ ದುಡ್ಡಿನಲ್ಲೇ ತಂದು, ಕಂಟ್ರೋಲರ್ ಚಾಲೂ ಇಟ್ಟೇ ಹಾಕಿ ಬಂದಿದ್ದೇನೆ. ಆರಿಸಿ ಹಾಕಿದ್ದರೆ ಮತ್ತೆ ಮೊದಲಿನಿಂದ. ಹಳೆಯ ನಾಲ್ಕು ಸೆಲ್‌ಗಳು ಊಟದ ಡಬ್ಬಿಯ ಚೀಲದಲ್ಲಿವೆ. ಸೋಮವಾರ ಕೊಟೇಶನ್ನಿನ ಪ್ರತಿ ತೆಗೆದು ಸಾಹೇಬರ ಮೇಜಿನ ಮೇಲಿಟ್ಟು, ಹಾರಿಹೋಗದಂತೆ ಅದರ ಮೇಲೆ ಆ ನಾಲ್ಕನ್ನೂ ಸಾಲಾಗಿ ನಿಲ್ಲಿಸುತ್ತೇನೆ.